ಮಗ ಪೂಜೆಗೆ ಬರಲ್ಲ ಅಂದ ಭಾನುವಾರ

ಹೋದ ವರ್ಷ ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಎರಡನೇ ಭಾನುವಾರ. ಏಳೂವರೆಯ ಪೂಜೆಗೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೊರಡಬೇಕಿತ್ತು. ಹೆಂಡತಿ ರೆಡಿ. ಅಮ್ಮ ಅರ್ಧ ಗಂಟೆ ಮೊದಲೇ ಸೀರೆ ಉಟ್ಟು, ಕೈಯಲ್ಲಿ ತೇರ್ಸ್ (ಜಪಮಾಲೆ) ಹಿಡಿದು ಜಗಲಿಯಲ್ಲಿ ಕೂತಿದ್ದರು. ಮಗ ಮಾತ್ರ ಇನ್ನೂ ಬನಿಯನ್ನಿನಲ್ಲೇ ಇದ್ದ.

"ಪಪ್ಪಾ, ನಾನು ಬರಲ್ಲ."

"ಯಾಕೆ, ಜ್ವರವಾ?"

"ಜ್ವರ ಇಲ್ಲ. ನಂಗೆ ನಂಬಿಕೆ ಇಲ್ಲ. ನಂಬಿಕೆ ಇಲ್ಲದೆ ಅಲ್ಲಿ ಬಂದು ಮೊಣಕಾಲೂರಿದರೆ ಅದು ಸುಳ್ಳಲ್ವಾ? ಸುಳ್ಳು ಹೇಳಬಾರದು ಅಂತ ದೊತೊರ್ನಿಗೆ ಕಳಿಸಿದ್ದು ನೀವೇ ಅಲ್ವಾ?"

ದೊತೊರ್ನ್ ಅಂದರೆ ಮಕ್ಕಳ ಧರ್ಮಪಾಠ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಕನ್ನಡದಲ್ಲಿ ಬರೆದಾಗ ಸ್ವಲ್ಪ ಮೆತ್ತಗೆ ಕೇಳಿಸುತ್ತದೆ. ಅವತ್ತು ಅಷ್ಟು ಮೆತ್ತಗಿರಲಿಲ್ಲ. ನಾನು ಹೇಳಿದ್ದು ಎಲ್ಲ ಅಪ್ಪಂದಿರೂ ಹೇಳುವ ಮಾತೇ: ಈ ಮನೆಯಲ್ಲಿ ಇರುವಷ್ಟು ದಿನ ಬರಬೇಕು, ಆಮೇಲೆ ನಿನ್ನ ಇಷ್ಟ. ಅವನಿಗೆ ಹತ್ತೊಂಬತ್ತು ವರ್ಷ, ಇಂಜಿನಿಯರಿಂಗ್ ಎರಡನೇ ವರ್ಷ, ಫೀಸು ಕಟ್ಟುವವನು ನಾನು. ಬಂದ.

ಮೂರು ವಾರ ಬಂದ. ಬೆಂಚಿನ ತುದಿಯಲ್ಲಿ ಕಲ್ಲಿನ ಹಾಗೆ ಕೂತ. ಮೂರನೇ ವಾರ ಕುಮ್ಗಾರ್, ಅಂದರೆ ಕ್ರಿಸ್ತನ ಶರೀರ ಅಂತ ಕೊಡುವ ಪ್ರಸಾದ, ಸ್ವೀಕರಿಸುವ ಸಾಲಿಗೆ ಹೋಗುವಾಗ ನಾನು ತಿರುಗಿ ನೋಡಿದೆ. ಸುಮ್ನೆ ನೋಡಿದ್ದು ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಅವನೂ ಎದ್ದು ಸಾಲಿನಲ್ಲಿ ನಿಂತ. ಕೈ ಚಾಚಿದ. ಫಾದರ್ "ಕ್ರಿಸ್ತನ ಶರೀರ" ಅಂದರು. ಅವನು "ಆಮೆನ್" ಅಂದ.

ಕೆಥೊಲಿಕರಲ್ಲದವರಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಆ "ಆಮೆನ್" ಅಂದರೆ ಹೌದು, ಇದು ನಿಜ ಅಂತ. ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ಹೌದು ಇನ್ನೊಂದಿಲ್ಲ. ನಂಬದೆ ಆ ಪ್ರಸಾದವನ್ನು ಸ್ವೀಕರಿಸುವುದು ಸಣ್ಣ ತಪ್ಪೇನಲ್ಲ. ನನ್ನ ಮಗನ ಬಾಯಲ್ಲಿ ಆ ಸುಳ್ಳು ಹೇಳಿಸಿದವನು ನಾನು, ಅದೂ ದೇವರ ಪೀಠದ ಎದುರು, ಸತ್ಯದ ಹೆಸರಿನಲ್ಲಿ. ಮನೆಗೆ ಬಂದ ಮೇಲೆ ಸನ್ನಾ-ಕೋಳಿ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಅವತ್ತಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ದೇವಶಾಸ್ತ್ರ ಓದಿದವನಲ್ಲ. ತಪ್ಪಿದ್ದರೆ ತಿದ್ದಿ.

ಸತ್ಯ-ಸ್ವಾತಂತ್ರ್ಯ ಅಂದ ಕೂಡಲೇ ಕ್ರೈಸ್ತರೆಲ್ಲರ ಬಾಯಿಗೆ ಬರುವುದು ಒಂದೇ ವಾಕ್ಯ, ಯೊವಾನ್ನನ ಶುಭಸಂದೇಶ 8ನೇ ಅಧ್ಯಾಯದ 32ನೇ ವಚನ. ಕಾಲೇಜುಗಳ ಗೋಡೆ ಮೇಲೆ, ಪತ್ರಿಕೆಗಳ ತಲೆಬರಹದಲ್ಲಿ ಎಲ್ಲ ಕಡೆ ಇರುತ್ತದೆ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಮುಖ್ಯ ಕಚೇರಿಯ ಗೋಡೆಯಲ್ಲೂ ಕೆತ್ತಿಟ್ಟಿದ್ದಾರೆ, ನಗು ಬರುತ್ತದೆ. ಪ್ರೊಟೆಸ್ಟೆಂಟ್ ಗೆಳೆಯರ ಮನೆಯಲ್ಲಿರುವ ಹಳೆಯ ಕನ್ನಡ ಬೈಬಲಿನಲ್ಲಿ ಅದು ಹೀಗಿದೆ: "ಸತ್ಯವು ನಿಮ್ಮನ್ನು ಬಿಡುಗಡೆಮಾಡುವದು." ಸ್ವಾತಂತ್ರ್ಯ ಅನ್ನುವ ಪದ ಅಲ್ಲಿಲ್ಲ. ಬಿಡುಗಡೆ. ನನಗೆ ಈ ಪದ ತುಂಬಾ ಹಿಡಿಸುತ್ತದೆ. ಸ್ವಾತಂತ್ರ್ಯ ಅಂದರೆ ಧ್ವಜ, ಭಾಷಣ, ಆಗಸ್ಟ್ ಹದಿನೈದರ ಲಾಡು. ಬಿಡುಗಡೆ ಅಂದ ಕೂಡಲೇ ಎಲ್ಲಿಂದ ಅಂತ ಕೇಳಬೇಕಾಗುತ್ತದೆ. ಕಟ್ಟಿದ್ದು ಏನೋ ಇರಲೇಬೇಕು.

ಯೇಸುವಿನ ಮಾತು ಕೇಳುತ್ತಿದ್ದವರಿಗೂ ಅದೇ ಚುಚ್ಚಿತು. ಮುಂದಿನ ವಚನದಲ್ಲೇ ಅವರು, ನಾವು ಅಬ್ರಹಾಮನ ವಂಶದವರು, ಯಾರಿಗೂ ಯಾವತ್ತೂ ಗುಲಾಮರಾಗಿಲ್ಲ, ನಮಗೆ ಎಂಥ ಬಿಡುಗಡೆ ಅಂತಾರೆ. ನೋಡಿ, ಈಜಿಪ್ಟಿನಲ್ಲಿ ಇಟ್ಟಿಗೆ ಹೊತ್ತ ಜನ, ಬಾಬಿಲೋನಿಗೆ ಸೆರೆ ಹೋದ ಜನ, ಆ ಮಾತಾಡುವ ಹೊತ್ತಿಗೂ ರೋಮಿನ ಕೈಕೆಳಗೆ ಇದ್ದ ಜನ! ತಮ್ಮ ಚರಿತ್ರೆಯನ್ನೇ ಒಪ್ಪಿಕೊಳ್ಳಲಾರದವರಿಗೆ ಬಿಡುಗಡೆ ಕೊಡುವುದಾದರೂ ಹೇಗೆ?

ಇನ್ನೊಂದು ವಿಷಯ. ಆ ಅಧ್ಯಾಯ ಶುರುವಾಗುವುದು ಕಲ್ಲುಗಳಿಂದ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ನಡುವೆ ನಿಲ್ಲಿಸಿ, ಕಲ್ಲು ಹೊಡೆಯಬೇಕಲ್ವಾ ಅಂತ ಕೇಳುತ್ತಾರೆ. (ಬಹಳ ಹಳೆಯ ಹಸ್ತಪ್ರತಿಗಳಲ್ಲಿ ಈ ಭಾಗ ಇಲ್ಲ ಅಂತ ಪಂಡಿತರು ಹೇಳುತ್ತಾರೆ. ಇರಲಿ, ಈಗ ನಮ್ಮ ಕೈಯಲ್ಲಿರುವ ಬೈಬಲಿನಲ್ಲಿ ಅದು ಇಲ್ಲೇ ಇದೆ.) ಮುಗಿಯುವುದೂ ಕಲ್ಲುಗಳಿಂದಲೇ. ಕೊನೆಯ ವಚನದಲ್ಲಿ ಯೇಸುವಿಗೇ ಹೊಡೆಯಲು ಕಲ್ಲು ಎತ್ತಿಕೊಳ್ಳುತ್ತಾರೆ. ಎರಡೂ ಸಲ ಕಲ್ಲು ಹಿಡಿದವರು ತಮ್ಮ ಹತ್ತಿರ ಸತ್ಯ ಇದೆ ಅಂದುಕೊಂಡವರೇ. ಗೋಡೆಯ ಮೇಲೆ ಬರೆಸುವ ಆ ಚಂದದ ವಾಕ್ಯ ಇರುವುದು ಈ ಎರಡು ಕಲ್ಲಿನ ರಾಶಿಗಳ ನಡುವೆ.

ಈಗ ನನ್ನ ಮಗನ ಕಡೆ ಬರುತ್ತೇನೆ. ಅವನಿಗೆ ದೇವರ ಮೇಲಿನ ಜಗಳ ಆಮೇಲಿನದ್ದು, ಮೊದಲ ಜಗಳ ನಮ್ಮ ಮೇಲೆ. ಅದು ಎಲ್ಲಿಂದ ಶುರುವಾಯ್ತು ಅಂತ ನನಗೆ ಗೊತ್ತು. ಪಿಯುಸಿ ಓದುವಾಗ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಶ್ರೀರಂಗಪಟ್ಟಣದ ಸೆರೆವಾಸದ ಬಗ್ಗೆ ದೊತೊರ್ನಿನಲ್ಲಿ ಹೇಳಿದ್ರು, ಪ್ರಸಂಗದಲ್ಲಿ ಹೇಳಿದ್ರು, ಅಜ್ಜಿನೂ ಹೇಳ್ತಾರೆ. ಗೋವಾದ ಇಂಕ್ವಿಸಿಶನ್ ಬಗ್ಗೆ ಒಬ್ಬರೂ ಯಾಕೆ ಹೇಳಿಲ್ಲ?"

ಇಂಕ್ವಿಸಿಶನ್ ಅಂದರೆ ನಂಬಿಕೆ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಪೀಠ. ನಾನು ಮೀನಿನ ಮುಳ್ಳು ಬಿಡಿಸುತ್ತಾ, ಅದೆಲ್ಲ ಹಳೇ ಕಥೆ ಮಾರಾಯ ಅಂದುಬಿಟ್ಟೆ. ಶ್ರೀರಂಗಪಟ್ಟಣದ 1784ರದ್ದೂ ಹಳೇ ಕಥೆಯೇ ಅಲ್ವಾ ಅಂತ ಅವನು ಕೇಳಲಿಲ್ಲ. ಕೇಳಬಹುದಿತ್ತು.

ಮಂಗಳೂರಿನ ಕೊಂಕಣಿ ಕೆಥೊಲಿಕರಾದ ನಾವು ಗೋವಾದಿಂದ ಬಂದವರು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಾವಿರಾರು ಜನ ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ ಅವನು ಸತ್ತ ಮೇಲೆ. ಬಲವಂತದ ಮತಾಂತರವೂ ಆಗಿತ್ತು. ಇದನ್ನು ನಾವು ಜೋರಾಗಿ ಹೇಳುತ್ತೇವೆ, ಹೇಳಲೇಬೇಕು, ಅದು ನಿಜ.

ಆದರೆ ನಮ್ಮ ಹಿರಿಯರು ಗೋವಾ ಬಿಟ್ಟು ಕೆನರಾಕ್ಕೆ ಬಂದದ್ದು ಯಾಕೆ? ಕಾರಣ ಒಂದಲ್ಲ. ಬರ, ತೆರಿಗೆ, ಯುದ್ಧ, ಇಲ್ಲಿ ಸಿಗುತ್ತಿದ್ದ ಒಳ್ಳೆಯ ಗದ್ದೆ, ಎಲ್ಲ ಇದ್ದವು. ಅದರ ಜೊತೆಗೆ ಇಂಕ್ವಿಸಿಶನ್ ಕೂಡ ಇತ್ತು. 1560ರಲ್ಲಿ ಗೋವಾದಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ರವರೆಗೆ ನಡೆಯಿತು. ಅದು ಜಾಸ್ತಿ ಹಿಂಡಿದ್ದು ಯಾರನ್ನು ಗೊತ್ತಾ? ನಮ್ಮನ್ನೇ. ಹೊಸದಾಗಿ ದೀಕ್ಷಾಸ್ನಾನ ಪಡೆದವರನ್ನು. ನೀವು ನಿಜವಾದ ಕ್ರೈಸ್ತರು ಹೌದೋ ಅಲ್ಲವೋ ಅಂತ ಅಡುಗೆಮನೆಗೆ, ಅಂಗಳಕ್ಕೆ ಇಣುಕಿ ನೋಡಿದರು. 1684ರಲ್ಲಿ ಅಲ್ಲಿನ ವೈಸ್‌ರಾಯ್ ಆಜ್ಞೆ ಹೊರಡಿಸಿದ, ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು ಅಂತ. 1736ರಲ್ಲಿ ಇಂಕ್ವಿಸಿಶನ್ನಿನದೇ ಒಂದು ಉದ್ದದ ಆಜ್ಞೆ ಬಂತು. ಮದುವೆಯಲ್ಲಿ ವೊವಿಯೊ ಹಾಡಬಾರದು, ಅರಿಶಿನ ಹಚ್ಚಬಾರದು, ವೀಳ್ಯದೆಲೆ-ಅಡಿಕೆ ಕಳಿಸಬಾರದು, ಮನೆ ಹತ್ತಿರ ತುಳಸಿ ಇರಬಾರದು, ಗಂಡಸರು ಧೋತಿ ಉಡಬಾರದು. ಪಟ್ಟಿ ಹೀಗೇ ಹೋಗುತ್ತದೆ.

ಈಗ ನಮ್ಮ ಯಾವುದೇ ಮದುವೆಗೆ ಬನ್ನಿ. ಹಿಂದಿನ ದಿನ ಸಂಜೆ ರೋಸ್. ತೆಂಗಿನ ಹಾಲು, ಎಣ್ಣೆ ಹಚ್ಚಿ ಹುಡುಗ-ಹುಡುಗಿಗೆ ಸ್ನಾನ ಮಾಡಿಸುತ್ತಾರೆ, ಮುದುಕಿಯರು ಎಳೆದೆಳೆದು ವೊವಿಯೊ ಹಾಡುತ್ತಾರೆ. ನನ್ನ ಅಮ್ಮನಿಗೆ ಎಷ್ಟೋ ವೊವಿಯೊ ಬಾಯಿಪಾಠ. ಆ ಹಾಡು ಉಳಿದದ್ದು ಯಾರೋ ಒಬ್ಬರು ಅದನ್ನು ಹಾಡುತ್ತಲೇ ಇದ್ದರು ಅಂತ. ಆ ಮುದುಕಿಯರು ಪಾಷಂಡಿಗಳಾಗಿರಲಿಲ್ಲ. ಈಗಲೂ ಅಲ್ಲ. ದಿನಾ ತೇರ್ಸ್ ಹೇಳುವವರು. ಸತ್ಯವನ್ನು ಕಾಪಾಡುತ್ತೇವೆ ಅಂತ ಹೊರಟ ಆ ನ್ಯಾಯಪೀಠಕ್ಕೆ ಒಂದು ಮದುವೆ ಹಾಡು ಅರ್ಥವಾಗಲಿಲ್ಲ ಅಷ್ಟೇ. ಕೊಂಕಣಿಯೂ ಉಳಿಯಿತು. ನಾವು ಇಲ್ಲಿಗೆ ಬಂದು ಅದನ್ನು ಕನ್ನಡ ಲಿಪಿಯಲ್ಲಿ ಬರೆಯಲು ಕಲಿತೆವು.

ಇದನ್ನು ಇಗರ್ಜಿಯಲ್ಲಿ ಯಾಕೆ ಹೇಳುವುದಿಲ್ಲ? ಬೇರೆಯವರು ಇದನ್ನೇ ಎತ್ತಿ ನಮಗೆ ಹೊಡೆಯುತ್ತಾರೆ ಅನ್ನುವ ಹೆದರಿಕೆ. ಹೆದರಿಕೆ ಸುಳ್ಳಲ್ಲ, ಹೊಡೆಯುತ್ತಾರೆ, ವಾಟ್ಸಾಪಿನಲ್ಲಿ ದಿನಾ ಹೊಡೆಯುತ್ತಿದ್ದಾರೆ. ಆದರೂ ನನ್ನ ಮಗ ಇದನ್ನು ನನ್ನ ಬಾಯಿಂದ ಕೇಳಬೇಕಿತ್ತು. ಅವನು ಕೇಳಿದ್ದು ನಮ್ಮನ್ನು ಕಂಡರಾಗದ ಯಾರೋ ಒಬ್ಬನ ವೀಡಿಯೋದಲ್ಲಿ, ಅರ್ಧ ನಿಜಕ್ಕೆ ಅರ್ಧ ವಿಷ ಬೆರೆಸಿದ್ದರಲ್ಲಿ. "ಇದನ್ನೇ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದೀರಿ?" ಅಂತ ಅವನಿಗೆ ಅನಿಸಿದ್ದು ತಪ್ಪಾ?

ನಮ್ಮ ಕೆಥೊಲಿಕ ಸಭೆ (ಚರ್ಚ್) ಈ ವಿಷಯದಲ್ಲಿ ಬದಲಾಗಲೇ ಇಲ್ಲವಾ ಅಂದರೆ, ಬದಲಾಗಿದೆ. ತುಂಬಾ ನಿಧಾನವಾಗಿ. 1864ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಿಯುಸ್ ಆ ಕಾಲದ ತಪ್ಪು ವಿಚಾರಗಳದ್ದು ಅಂತ ಒಂದು ಪಟ್ಟಿ ಹೊರಡಿಸಿದರು. ಯಾರು ಬೇಕಾದರೂ ತನ್ನ ಬುದ್ಧಿಗೆ ನಿಜ ಅನಿಸಿದ ಧರ್ಮ ಹಿಡಿಯಬಹುದು ಅನ್ನುವುದೂ ಅದರಲ್ಲಿ ತಪ್ಪುಗಳ ಸಾಲಿನಲ್ಲೇ ಇತ್ತು. ಸುಳ್ಳಿಗೆ ಹಕ್ಕಿಲ್ಲ ಅನ್ನುವುದು ಆಗಿನ ವಾದ. ಕೇಳುವಾಗ ಸರಿ ಅನಿಸುತ್ತದೆ. ಆದರೆ ಸುಳ್ಳಿಗೆ ಹಕ್ಕಿಲ್ಲ, ಸತ್ಯಕ್ಕೂ ಇಲ್ಲ, ಹಕ್ಕು ಇರುವುದು ಮನುಷ್ಯರಿಗೆ. ಇದನ್ನು ಬಾಯಿಬಿಟ್ಟು ಹೇಳಲು ಸಭೆಗೆ 101 ವರ್ಷ ಹಿಡಿಯಿತು, ಒಂದು ದಿನ ಕಡಿಮೆ. 1965ರ ಡಿಸೆಂಬರ್ 7ರಂದು ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ, ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ 'ಡಿಗ್ನಿಟಾಟಿಸ್ ಹುಮಾನೆ' ಅನ್ನುವ ಘೋಷಣೆಯನ್ನು ಒಪ್ಪಿತು. ಪರವಾಗಿ 2308 ಮತ, ವಿರುದ್ಧ 70. ಅದನ್ನು ಬರೆಯುವುದರಲ್ಲಿ ದೊಡ್ಡ ಪಾಲಿದ್ದ ಅಮೆರಿಕದ ಯೇಸುಸಭೆಯ ಪಾದ್ರಿ ಜಾನ್ ಕೋರ್ಟ್ನಿ ಮರ್ರೆ ಅವರಿಗೆ, ಇದೇ ವಿಷಯದ ಬಗ್ಗೆ ಬರೆಯಬೇಡಿ ಅಂತ 1950ರ ದಶಕದಲ್ಲಿ ಮೇಲಿನವರು ಬಾಯಿ ಮುಚ್ಚಿಸಿದ್ದರು.

ಆ ಘೋಷಣೆಯಲ್ಲಿ ನನಗೆ ಇಷ್ಟವಾದ ಮಾತನ್ನು ನನ್ನ ಭಾಷೆಯಲ್ಲಿ ಹೇಳುವುದಾದರೆ, ಸತ್ಯಕ್ಕೆ ತನ್ನ ಸ್ವಂತ ಬಲವೊಂದೇ ಬಲ, ಅದು ಮನಸ್ಸಿನ ಒಳಗೆ ಮೆಲ್ಲಗೆ ಬರುತ್ತದೆ, ಗಟ್ಟಿಯಾಗಿಯೂ ಬರುತ್ತದೆ. ಬಾಗಿಲು ಒದ್ದು ಬರುವುದಿಲ್ಲ. ಹಾಗಂತ ಎಲ್ಲ ಧರ್ಮವೂ ಒಂದೇ, ಏನು ನಂಬಿದರೂ ನಡೆಯುತ್ತದೆ ಅಂತ ಅದು ಹೇಳುವುದಿಲ್ಲ. ಸತ್ಯ ಹುಡುಕುವುದು ಪ್ರತಿಯೊಬ್ಬರ ಕರ್ತವ್ಯ ಅನ್ನುತ್ತದೆ. ಪೋಲೆಂಡಿನ ಕ್ರಾಕೊವ್‌ನ ಆರ್ಚ್‌ಬಿಷಪ್ ಆಗಿದ್ದ ಕರೋಲ್ ವೊಯ್ತಿವಾ, ಮುಂದೆ ಪೋಪ್ ಎರಡನೇ ಜಾನ್ ಪಾಲ್ ಆದವರು, ಕಮ್ಯುನಿಸ್ಟ್ ಸರಕಾರದ ಕೆಳಗೆ ಬದುಕುತ್ತಿದ್ದವರು. ಸ್ವಾತಂತ್ರ್ಯ ಇಲ್ಲದಿದ್ದರೆ ಏನಾಗುತ್ತದೆ ಅಂತ ದಿನಾ ನೋಡುತ್ತಿದ್ದರು. ಅವರೂ ಆ ಸಭೆಯಲ್ಲಿ ಪಟ್ಟು ಹಿಡಿದದ್ದು ಸ್ವಾತಂತ್ರ್ಯವನ್ನು ಸತ್ಯದಿಂದ ಬಿಡಿಸಿ ಮಾತಾಡಬೇಡಿ ಅಂತ. ನನ್ನದೊಂದು ಕೊಂಕು ಇಲ್ಲಿದೆ. ನಾವು ಅಲ್ಪಸಂಖ್ಯಾತರಾಗಿರುವ ಕಡೆ ಸ್ವಾತಂತ್ರ್ಯದ ಬಗ್ಗೆ ಜಾಸ್ತಿ ಮಾತಾಡುತ್ತೇವೆ, ಬಹುಸಂಖ್ಯಾತರಾಗಿರುವ ಕಡೆ ಸತ್ಯದ ಬಗ್ಗೆ.

ನಮ್ಮ ಮನೆಯೊಳಗೆ ನಾನು ಬಹುಸಂಖ್ಯಾತ. ಅದು ನನಗೆ ಹೊಳೆಯಲು ತಡವಾಯ್ತು.

2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯಿದೆ ಬಂದಾಗ ನಾನು ಎಷ್ಟು ಕೂಗಾಡಿದ್ದೆ! ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣಾ ಪತ್ರ ಕೊಡಬೇಕಂತೆ. ಒಬ್ಬ ಮನುಷ್ಯನ ಮನಸ್ಸು ಬದಲಾಗುವುದಕ್ಕೆ ಡಿಸಿ ಆಫೀಸಿನ ಸೀಲು ಯಾಕೆ ಅಂತ ಸಿಕ್ಕಸಿಕ್ಕವರ ಹತ್ತಿರ ವಾದ ಮಾಡಿದೆ. 2023ರ ಜೂನಿನಲ್ಲಿ ಸಂಪುಟ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿದಾಗ ಖುಷಿಪಟ್ಟೆ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಪ್ರಚಾರ ಮಾಡುವ ಹಕ್ಕೂ ಇದೆ ಅಂತ ಎಲ್ಲರಿಗೂ ಓದಿ ಹೇಳುತ್ತಿದ್ದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಆ ಪದ ಇರಬೇಕಾ ಬೇಡವಾ ಅಂತ ಚರ್ಚಿಸಿ ಉಳಿಸಿಕೊಂಡಿತು, ಆ ಸಭೆಯಲ್ಲಿ ನಮ್ಮ ಮಂಗಳೂರಿನವರೇ ಆದ ಫಾದರ್ ಜೆರೋಮ್ ಡಿಸೋಜಾ ಸದಸ್ಯರಾಗಿದ್ದರು ಅಂತ ಹೆಮ್ಮೆಯಿಂದ ಸೇರಿಸುತ್ತಿದ್ದೆ. ಆದರೆ ಆ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ಪ್ರಚಾರ ಬರುವುದು ಆಮೇಲೆ. ಬೇರೆ ಮನೆಯ ಹುಡುಗ ನಮ್ಮ ಕಡೆ ಬರುವುದಾದರೆ ಅವನ ಆತ್ಮಸಾಕ್ಷಿ ದೊಡ್ಡದು, ನನ್ನ ಮಗ ಆಚೆ ಹೋಗುವುದಾದರೆ ಅದು ಸಹವಾಸ ದೋಷ. ಇದೆಂಥ ನ್ಯಾಯ!

ಇಷ್ಟೆಲ್ಲ ಬರೆದ ಮೇಲೂ ಮಗನ ಒಂದು ಮಾತನ್ನು ನಾನು ಒಪ್ಪಿಲ್ಲ. ಜಗಳದ ನಡುವೆ ಅವನು, "ನಿಮಗೆ ನಿಮ್ಮ ಸತ್ಯ, ನನಗೆ ನನ್ನ ಸತ್ಯ" ಅಂದಿದ್ದ. ಈ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನನ್ನ ಅಪ್ಪ ಇದ್ದಿದ್ದರೆ ನಗುತ್ತಿದ್ದರು.

ಅಪ್ಪನದು ಊರಿನಲ್ಲಿ ಸಣ್ಣ ಜಿನಸಿ ಅಂಗಡಿ. ಕೈತಕ್ಕಡಿ, ಕಬ್ಬಿಣದ ಕಲ್ಲುಗಳು. ಕಲ್ಲಿನ ತಳದ ಗುಳಿಯಲ್ಲಿ ಸೀಸ ತುಂಬಿ ಅದರ ಮೇಲೆ ಸರಕಾರದ ಮುದ್ರೆ ಹೊಡೆದಿರುತ್ತಿದ್ದರು. ಒಂದು ಕೆಜಿ ಅಂದರೆ ಒಂದು ಕೆಜಿ, ಅಪ್ಪನಿಗೊಂದು ಕೆಜಿ ಗಿರಾಕಿಗೊಂದು ಕೆಜಿ ಅಂತ ಇಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಅಂದರೆ ಖಾಲಿ ತಕ್ಕಡಿಯನ್ನು ಎತ್ತಿ ಹಿಡಿದು ಒಂದು ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುವುದು. ಮುಳ್ಳು ಆಚೆ ಈಚೆ ಆಡಿ ಆಡಿ ನಡುವೆ ಬಂದು ನಿಲ್ಲಬೇಕು. ಮಳೆಗಾಲದಲ್ಲಿ ನಡುವಿನ ಕೀಲು ತುಕ್ಕು ಹಿಡಿಯುತ್ತಿತ್ತು, ಬೆಲ್ಲ ಮುಟ್ಟಿದ ಕೈಯ ಅಂಟೂ ಸೇರಿಕೊಳ್ಳುತ್ತಿತ್ತು. ಆಗ ಮುಳ್ಳು ನಡುವೆಯೇ ನಿಂತಿರುತ್ತದೆ, ನೋಡುವವರಿಗೆ ಸರಿಯಾಗಿದೆ ಅನಿಸುತ್ತದೆ. "ಆಡದ ತಕ್ಕಡಿ ಎಲ್ಲದಕ್ಕೂ ಹೌದು ಅನ್ನುತ್ತದೆ, ಅದನ್ನು ನಂಬಬೇಡ" ಅನ್ನುತ್ತಿದ್ದರು ಅಪ್ಪ. ಚಿಮಣಿ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮತ್ತೆ ಆಡಿಸಿ ನೋಡಿದ ಮೇಲೆಯೇ ಗಿರಾಕಿಗೆ ಅಕ್ಕಿ.

ಆ ಮೂರು ಭಾನುವಾರ ನನ್ನ ಮಗ ಬೆಂಚಿನ ತುದಿಯಲ್ಲಿ ಹಾಗೆಯೇ ಕೂತಿದ್ದ. ಮುಳ್ಳು ನಡುವೆ. ನಾನು ಸಮಾಧಾನಪಟ್ಟೆ. ಆದರೆ ಅಪ್ಪ ಕಲ್ಲನ್ನೂ ಬಿಡುತ್ತಿರಲಿಲ್ಲ ಅನ್ನುವುದನ್ನು ಮಗನಿಗೆ ಹೇಳಬೇಕು. ಎಷ್ಟೇ ಚೆನ್ನಾಗಿ ಆಡುವ ತಕ್ಕಡಿ ಇಟ್ಟುಕೊಂಡರೂ ಕಲ್ಲನ್ನು ಅವರವರೇ ಕೆತ್ತಿಕೊಂಡು ಇದೇ ನನ್ನ ಕೆಜಿ ಅಂದರೆ ವ್ಯಾಪಾರ ನಡೆಯುವುದಿಲ್ಲ. ಕ್ರಿಸ್ತ ಎದ್ದು ಬಂದಿದ್ದರೆ ಎಲ್ಲರಿಗೂ ಎದ್ದು ಬಂದ, ಇಲ್ಲದಿದ್ದರೆ ನನಗೂ ಇಲ್ಲ, ಅಮ್ಮನ ತೇರ್ಸಿಗೂ ಅರ್ಥ ಇಲ್ಲ. ನನಗೆ ಮಾತ್ರ ನಿಜವಾದ ಪುನರುತ್ಥಾನ ಕಟ್ಟಿಕೊಂಡು ನಾನೇನು ಮಾಡಲಿ?

ಹಾಗಾದರೆ ಮಗನ ಹತ್ತಿರ ಹೇಗೆ ಮಾತಾಡುವುದು? ನನಗೆ ಸಿಕ್ಕಿದ್ದು ಮಾರ್ಕನ ಶುಭಸಂದೇಶದ 10ನೇ ಅಧ್ಯಾಯ. ಒಬ್ಬ ಸಿರಿವಂತ ಓಡಿ ಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ, ನಿತ್ಯಜೀವಕ್ಕೆ ಏನು ಮಾಡಬೇಕು ಅಂತ ಕೇಳುತ್ತಾನೆ. ಯೇಸು ಅವನನ್ನು ದಿಟ್ಟಿಸಿ ನೋಡಿ, ಪ್ರೀತಿಸಿ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅನ್ನುತ್ತಾನೆ. ಅವನ ಮುಖ ಬಾಡುತ್ತದೆ. ಹೊರಟು ಹೋಗುತ್ತಾನೆ. ಯೇಸು ಹಿಂದೆ ಓಡುವುದಿಲ್ಲ. ಹೋಗಲಿ ಅರ್ಧ ಮಾರು ಅಂತ ಚೌಕಾಸಿಯೂ ಮಾಡುವುದಿಲ್ಲ. ಪೇತ್ರನನ್ನು ಕಳಿಸಿ ಅವನ ತೋಳು ಹಿಡಿದು ನಿಲ್ಲಿಸಿ ಅನ್ನುವುದೂ ಇಲ್ಲ. ಅವನು ಆಮೇಲೆ ಬಂದನೋ ಇಲ್ಲವೋ ಮಾರ್ಕ ಬರೆದಿಲ್ಲ. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಯಾವಾಗಲೂ ಆ ಸಿರಿವಂತನ ಕಡೆಯಿಂದಲೇ. ಹೋಗಲು ಬಿಟ್ಟವನಿಗೆ ಅವತ್ತು ಹೇಗಾಗಿರಬಹುದು ಅಂತ ಯೋಚನೆ ಬಂದದ್ದು ಈಗ.

ಗುಡ್ ಫ್ರೈಡೆಗೆ ಎರಡು ದಿನ ಮುಂಚೆ ಮಗನನ್ನು ಕರೆದು ಹೇಳಿದೆ. ನಾನು ಮಾಡಿದ್ದು ತಪ್ಪು, ಇನ್ನು ಮೇಲೆ ನೀನು ಬರಬೇಕಾಗಿಲ್ಲ, ನಾನು ನಂಬುವುದು ನಿಜ ಅಂತಲೇ ನಂಬುತ್ತೇನೆ, ನೀನು ಕೇಳಿದಾಗೆಲ್ಲ ಹೇಳುತ್ತೇನೆ, ಗೋವಾದ್ದೂ ಸೇರಿ. ಅವನು ಫೋನ್ ಕೆಳಗಿಟ್ಟು "ಓಕೆ" ಅಂದ. ಅಷ್ಟೇ. ಹೆಂಡತಿ ನನ್ನ ಹತ್ತಿರ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅಮ್ಮ ಏನೂ ಹೇಳಲಿಲ್ಲ, ತೇರ್ಸಿನ ಕೊನೆಗೆ ಒಂದು ಪ್ರಾರ್ಥನೆ ಜಾಸ್ತಿ ಸೇರಿಸಿದರು, ಮಗನ ಹೆಸರು ಹೇಳಿ, ಅವನಿಗೆ ಕೇಳಿಸುವಷ್ಟು ಜೋರಾಗಿ.

ಈಗಲೂ ಅವನು ಬರುವುದಿಲ್ಲ. ಮಳೆ ಇದ್ದರೆ ಮಾತ್ರ ಅಜ್ಜಿಯನ್ನು ಕಾರಿನಲ್ಲಿ ಇಗರ್ಜಿಯ ಬಾಗಿಲ ತನಕ ಬಿಟ್ಟು ಹೋಗುತ್ತಾನೆ.

ಮೊನ್ನೆ ಭಾನುವಾರ ಹಾಗೇ ಬಿಟ್ಟು ಕಾರು ತಿರುಗಿಸುತ್ತಿದ್ದ, ನಾನು ಕಿಟಕಿಯ ಹತ್ತಿರವೇ ಕೊಡೆ ಬಿಚ್ಚುತ್ತಾ ನಿಂತಿದ್ದೆ. ಇಗರ್ಜಿಯ ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರು ಬಂದು, "ಎಂಥ ಮಾರಾಯ್ರೇ, ಮಗನನ್ನು ಪೂಜೆಯಲ್ಲಿ ಕಾಣುವುದೇ ಇಲ್ಲವಲ್ಲ?" ಅಂದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅವನಿಗೆ ಪರೀಕ್ಷೆ, ಓದುವುದು ತುಂಬಾ ಇದೆ" ಅಂದುಬಿಟ್ಟೆ.

ಸಂಜೆ ಚಾ ಕುಡಿಯುವಾಗ ಮಗ ನನ್ನ ಮುಖ ನೋಡಿ ನಗುತ್ತಾ ಹೇಳಿದ, "ಪಪ್ಪಾ, ಪರೀಕ್ಷೆ ಮುಗಿದು ಹದಿನೈದು ದಿನ ಆಯ್ತು."

ಬರುವ ಭಾನುವಾರ ಗುರ್ಕಾರರನ್ನು ಕಾಣಬೇಕು.